ಸದ್ಗುಣ ಸ್ಮೃತಿಯ ಖಾಲಿ ಗೆರೆ

ವೇದಿಕೆಯ ನಟ್ಟನಡುವೆ ಆಸೀನರಾಗಿರುವ ಅಧ್ಯಕ್ಷರೇ, ಅವರ ಎಡಬಲಗಳಲ್ಲಿ ಶೋಭಿಸುತ್ತಿರುವ ಗಣ್ಯರೇ, ಹೆಸರಿನ ಚೀಟಿ ಅಂಟಿಸಿದ ಕುರ್ಚಿಗಳಲ್ಲಿ ಕುಳಿತ ಅಧಿಕಾರಿಗಳೇ, ಚೀಟಿಯಿಲ್ಲದ ಕುರ್ಚಿಗಳಲ್ಲಿ ಕುಳಿತು ಈ ಕಚೇರಿಯನ್ನು ನಿಜವಾಗಿ ನಡೆಸುತ್ತಿರುವ ಸಿಬ್ಬಂದಿಯೇ, ಬಾಗಿಲ ಪಕ್ಕದ ಕುರ್ಚಿಯನ್ನೇ ಹುಡುಕಿ ಹಿಡಿದ ದೂರದೃಷ್ಟಿಯ ಸಭಿಕರೇ, ಮತ್ತು ಎರಡನೇ ಸಾಲಿನಲ್ಲಿ ಕೈಗಡಿಯಾರ ಬಿಚ್ಚಿ ಮಡಿಲಲ್ಲಿಟ್ಟುಕೊಂಡಿರುವ ನನ್ನ ಧರ್ಮಪತ್ನಿಯೇ, ನೆರೆದ ಸಮಸ್ತರಿಗೂ ಈ ಮುದುಕನ ಶರಣು.

ಮೈಕನ್ನು ಸ್ವಲ್ಪ ದೂರ ಸರಿಸುತ್ತೇನೆ. ನನಗೂ ಅದಕ್ಕೂ ಆಗಿಬರುವುದಿಲ್ಲ. ನಾನು ನಾಟಕ ಕಂಪನಿಯಲ್ಲಿ ಹುಟ್ಟಿದವನು. ಕೊನೆಯ ಬೆಂಚಿನಲ್ಲಿ ನಿದ್ದೆ ಮಾಡುತ್ತಿರುವವನೂ ಎದ್ದು ಕೂರಬೇಕು, ಅದೇ ನನ್ನ ತಂದೆಯವರು ಕಲಿಸಿದ ಉಚ್ಚಾರಣೆ. ಮನೆಯಿಂದ ಹೊರಡುವಾಗ ನನ್ನವಳು ಎಚ್ಚರಿಕೆ ಕೊಟ್ಟಳು: "ಹತ್ತೇ ನಿಮಿಷ. ನಾಟಕ ಮಾಡ್ಬೇಡಿ." ಐವತ್ತು ವರ್ಷದ ದಾಂಪತ್ಯದಲ್ಲಿ ಅವಳ ಯಾವ ಮಾತನ್ನು ನಾನು ಮೀರಿದ್ದೇನೆ? ಎಲ್ಲವನ್ನೂ ಮೀರಿದ್ದೇನೆ. ಇದನ್ನೂ ಮೀರುತ್ತೇನೆ.

ಮಹನೀಯರೇ, ಈಗಷ್ಟೇ ನನ್ನ ಕೈಗೆ ಒಂದು ಹಿತ್ತಾಳೆಯ ಫಲಕ ಬಂದಿದೆ. ಅದರ ಮೇಲೆ "ಸದ್ಗುಣ ಸ್ಮೃತಿಯ ಹರಿಕಾರ" ಎಂದು ಕೊರೆದಿದ್ದಾರೆ. ಚಪ್ಪಾಳೆ ತಟ್ಟಿದಿರಿ, ಸಂತೋಷ. ಆದರೆ ನಿಮ್ಮಲ್ಲಿ ಎಷ್ಟು ಜನರಿಗೆ ಸದ್ಗುಣ ಸ್ಮೃತಿ ಎಂದರೇನು ಎಂದು ಗೊತ್ತು? ಕೈ ಎತ್ತಿ. ಅಧ್ಯಕ್ಷರೂ ಎತ್ತಿಲ್ಲ. ಪರವಾಗಿಲ್ಲ, ಅವರು ಸಹಿ ಮಾಡಿದವರು, ಓದಲೇಬೇಕು ಎಂಬ ನಿಯಮವಿಲ್ಲ.

ಫಲಕದ ಜೊತೆಗೆ ಇನ್ನೊಂದು ವಸ್ತುವೂ ನನ್ನ ಕೈ ಸೇರಿದೆ. ನಮ್ಮ ಗಣಕ ವಿಭಾಗಕ್ಕೆ ಐವತ್ತು ತುಂಬಿದ್ದಕ್ಕೆ ಹೊರಡುತ್ತಿರುವ ಸುವರ್ಣ ಸಂಚಿಕೆಯ ಕರಡು. ನನಗಿಂತ ಮುಂಚೆ ಐದು ಜನ ಮಾತಾಡಿದರಲ್ಲ, ಆ ಸುದೀರ್ಘ ಸಮಯದಲ್ಲಿ ನಾನು ಇದನ್ನು ಪೂರ್ತಿ ಓದಿ ಮುಗಿಸಿದೆ. ನಾಳೆ ಮಧ್ಯಾಹ್ನ ಹನ್ನೆರಡಕ್ಕೆ ಇದು ಅಚ್ಚಿಗೆ ಹೋಗುತ್ತದೆ. ಮುನ್ನುಡಿ ನನ್ನದು. ಇದರ ಮೂವತ್ತೊಂದನೇ ಪುಟದಲ್ಲಿ ನಮ್ಮ ಹಳೆಯ ಸಹೋದ್ಯೋಗಿಯೊಬ್ಬರ ಬಗ್ಗೆ ಒಂದು ವಾಕ್ಯವಿದೆ. ಅದು ತಪ್ಪು ವಾಕ್ಯ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಯಂತ್ರದ ಕಥೆ.

ಇವತ್ತು ನೀವು ಕುಳಿತಿರುವ ಈ ಸಭಾಂಗಣವೇ ಆಗ ಯಂತ್ರಶಾಲೆ. ನಗರದ ದೂರವಾಣಿ ಇಲಾಖೆಗೆ ಒಂದು ಗಣಕಯಂತ್ರ ಬಂತು. ಹೊಸದಲ್ಲ. ಬೇರೆ ಯಾವುದೋ ಕಚೇರಿಯಲ್ಲಿ ಹತ್ತು ವರ್ಷ ದುಡಿದು ದಣಿದದ್ದು. ಹನ್ನೊಂದು ಬೀರುಗಳಷ್ಟಿತ್ತು. ಅದಕ್ಕೆ ಹವಾನಿಯಂತ್ರಣ, ನಮಗೆ ಫ್ಯಾನು. ಅದಕ್ಕೆ ಬೆವರು ಬಂದರೆ ಕೆಲಸ ನಿಲ್ಲುತ್ತಿತ್ತು, ನಮಗೆ ಬೆವರು ಬಂದರೆ ಕೆಲಸ ಮಾಡುತ್ತಿದ್ದೇವೆ ಎಂದು ಸಾಹೇಬರು ತಿಳಿಯುತ್ತಿದ್ದರು. ಇಷ್ಟು ದೊಡ್ಡ ಮೈಯಲ್ಲಿ ನೆನಪಿನ ಶಕ್ತಿ ಎಷ್ಟು? ಮೂವತ್ತೆರಡು ಸಾವಿರ ಪದ. ಈಗ ನಿಮ್ಮ ಜೇಬಿನಲ್ಲಿರುವ ಫೋನು ಒಂದು ಬೆಕ್ಕಿನ ಫೋಟೋಗೆ ಅದರ ಎಷ್ಟೋ ಪಟ್ಟು ಜಾಗ ಕೊಡುತ್ತದೆ. ನಮಗೆ ಅಷ್ಟರಲ್ಲೇ ಇಡೀ ನಗರದ ದೂರವಾಣಿ ಕೈಪಿಡಿ ತಯಾರಾಗಬೇಕಿತ್ತು.

ಆದ್ದರಿಂದ ನನ್ನಂಥವನಿಗೆ ಕೆಲಸ ಸಿಕ್ಕಿತು. ಪ್ರೋಗ್ರಾಂ ಒಳಗೆ ಹಿಡಿಸದಿದ್ದರೆ ಅದನ್ನು ಹೋಳು ಮಾಡಬೇಕು. ಮೊದಲ ಹೋಳು ಕೆಲಸ ಮುಗಿಸಿ ಜಾಗ ಬಿಟ್ಟ ಮೇಲೆ ಅದೇ ಜಾಗದಲ್ಲಿ ಎರಡನೆಯದು ಬಂದು ಕೂರಬೇಕು. ಎಲ್ಲಿ ಕತ್ತರಿಸಬೇಕು, ಯಾವುದನ್ನು ಯಾವಾಗ ಕರೆಯಬೇಕು, ಎಲ್ಲ ಕೈಯಲ್ಲೇ. ಕಾಗದದ ಮೇಲೆ ಗೆರೆ ಎಳೆದು, ಅಳಿಸಿ, ಮತ್ತೆ ಎಳೆದು. ಆ ವಿದ್ಯೆಯಲ್ಲಿ ನಾನು ನಿಸ್ಸೀಮ. ಅದಕ್ಕೇ ನನಗೆ "ಕತ್ತರಿ" ಎಂದು ಹೆಸರು ಬಂತು. ಇವತ್ತಿನ ಆಮಂತ್ರಣ ಪತ್ರಿಕೆಯಲ್ಲೂ ಕತ್ತರಿ ಸಾಹೇಬರು ಎಂದೇ ಅಚ್ಚಾಗಿದೆ. ನನ್ನ ನಿಜವಾದ ಹೆಸರು ಈಗ ನನ್ನವಳಿಗೂ ಆಸ್ಪತ್ರೆಯವರಿಗೂ ಮಾತ್ರ ಗೊತ್ತು.

ಆದರೆ ಸಭಿಕರೇ, ಆ ಹೊತ್ತಿಗಾಗಲೇ ದೂರದೇಶದ ಒಂದು ವಿಶ್ವವಿದ್ಯಾಲಯದಲ್ಲಿ ನನ್ನ ಕತ್ತರಿಗೆ ಸಂಚಕಾರ ಬಂದಾಗಿತ್ತು. ಅರವತ್ತರ ದಶಕದ ಆರಂಭದಲ್ಲಿ ಅಲ್ಲಿ ಅಟ್ಲಾಸ್ ಎಂಬ ಯಂತ್ರ ಕಟ್ಟಿದರು. ಅದರ ಒಳನೆನಪು ಹದಿನಾರು ಸಾವಿರ ಚಿಲ್ಲರೆ ಪದ. ಹಿಂದೆ ಡ್ರಮ್ಮಿನಲ್ಲಿ ತೊಂಬತ್ತೆಂಟು ಸಾವಿರ. ಡ್ರಮ್ಮು ಎಂದರೆ ಬಾರಿಸುವ ಡ್ರಮ್ಮಲ್ಲ. ಮೇಲೆ ಕಾಂತದ ಲೇಪವಿರುವ ಲೋಹದ ಉರುಳೆ, ಒಂದೇ ಸಮನೆ ಗಿರಗಿರ ತಿರುಗುತ್ತಿರುತ್ತದೆ, ಅದರ ಮೈಮೇಲೆ ಬರೆದಿಡಬಹುದು, ಮತ್ತೆ ಓದಬಹುದು. ಅಲ್ಲಿನ ಮಹಾನುಭಾವರು ಏನು ಮಾಡಿದರು? ಎಲ್ಲವನ್ನೂ ಐನೂರ ಹನ್ನೆರಡು ಪದಗಳ ಪುಟಗಳಾಗಿ ಮಾಡಿದರು. ಬೇಕಾದ ಪುಟ ಒಳಗೆ ಇಲ್ಲದಿದ್ದರೆ ಯಂತ್ರ ತಾನೇ ಗುರುತಿಸಿ, ಡ್ರಮ್ಮಿನಿಂದ ತಾನೇ ತರಿಸಿಕೊಂಡು, ಸದ್ಯಕ್ಕೆ ಬೇಡವೆನಿಸಿದ ಇನ್ನೊಂದು ಪುಟವನ್ನು ತಾನೇ ಹೊರಗೆ ಕಳಿಸುತ್ತಿತ್ತು. ಯಾವುದು ಇನ್ನು ಬಹಳ ಹೊತ್ತು ಬೇಕಾಗುವುದಿಲ್ಲ ಎಂಬುದನ್ನು ಹಿಂದಿನ ಅನುಭವದ ಮೇಲೆ ಊಹಿಸುವ ಒಂದು ಪ್ರೋಗ್ರಾಂ ಕೂಡ ಅದರಲ್ಲಿತ್ತು. ಬರೆಯುವವನಿಗೆ ಕಾಣುವುದು ಒಂದೇ ವಿಶಾಲ ಬಯಲು. ಇರುವುದು ಅಂಗೈಯಗಲ.

ಇಲ್ಲದ ಜಾಗವನ್ನು ಇದೆ ಎಂದು ನಂಬಿಸುವುದಕ್ಕೆ ಅಷ್ಟೊಂದು ಜನ ವಿದ್ವಾಂಸರು ಬೇಕಾಯಿತೇ? ನಮ್ಮ ಕಚೇರಿಗೆ ಬಂದಿದ್ದರೆ ಒಂದು ಬೆಳಿಗ್ಗೆಯಲ್ಲಿ ಕಲಿತು ಹೋಗುತ್ತಿದ್ದರು. ಅರವತ್ತು ಸಿಬ್ಬಂದಿ, ಮೂವತ್ತೆಂಟು ಕುರ್ಚಿ. ಕುರ್ಚಿಯ ಬೆನ್ನಿಗೆ ಕೋಟು ತೂಗುತ್ತಿದ್ದರೆ ಮನುಷ್ಯ ಹಾಜರಿದ್ದಾನೆ ಎಂದು ಲೆಕ್ಕ. ಯಾರಾದರೂ ಹುಡುಕಿಕೊಂಡು ಬಂದರೆ ಜವಾನ ಚಹಾದಂಗಡಿಗೆ ಓಡುತ್ತಿದ್ದ. ಅಲ್ಲಿಂದ ಒಬ್ಬರು ಎದ್ದು ಬಂದರೆ, ಇಲ್ಲಿಂದ ಒಬ್ಬರು ಎದ್ದು ಅಲ್ಲಿಗೆ ಹೋಗುತ್ತಿದ್ದರು. ಪುಟ ಬದಲಾವಣೆ ಎಂದರೆ ಇಷ್ಟೇ.

ನನಗಂತೂ ಅದು ತೊಟ್ಟಿಲಿನಿಂದಲೇ ಗೊತ್ತಿದ್ದ ವಿದ್ಯೆ. ನಮ್ಮ ತಂದೆಯ ಕಂಪನಿಯಲ್ಲಿ ಎಂಟು ಜನ ನಟರು. ನಾಟಕದಲ್ಲಿ ನಲವತ್ತು ಪಾತ್ರ. ರಂಗದ ಅಗಲ ಆರು ಹೆಜ್ಜೆ. ಪ್ರೇಕ್ಷಕರಿಗೆ ಮಾತ್ರ ಒಂದು ಸಾಮ್ರಾಜ್ಯವೇ ಕಾಣಬೇಕು. ಅದನ್ನು ಕಾಣಿಸುತ್ತಿದ್ದವಳು ಪರದೆಯ ಹಿಂದಿದ್ದ ನನ್ನ ತಾಯಿ. ರಾಜನ ಕಿರೀಟ ಕಿತ್ತು ಶತ್ರುರಾಜನ ತಲೆಗೆ, ಮಂತ್ರಿಯ ಗಡ್ಡ ಬಿಡಿಸಿ ಋಷಿಯ ಮುಖಕ್ಕೆ. ಕರೆದ ಪಾತ್ರ ಇನ್ನೂ ವೇಷ ಕಟ್ಟುತ್ತಿದ್ದರೆ ದ್ವಾರಪಾಲಕನಿಗೆ ಸನ್ನೆ ಮಾಡುತ್ತಿದ್ದಳು. ಅವನು "ಮಹಾಪ್ರಭುಗಳು ಬರುತ್ತಿದ್ದಾರೆ" ಎಂದು ಗರ್ಜಿಸುತ್ತಿದ್ದ. ಬರದಿದ್ದರೆ ಮತ್ತೆ ಗರ್ಜಿಸುತ್ತಿದ್ದ. ಒಮ್ಮೆ ಏಳು ಸಲ ಗರ್ಜಿಸಿದ ಮೇಲೆ ಜನರೇ ಎದ್ದು ನಿಂತು ಪ್ರಭುಗಳ ದಾರಿ ನೋಡತೊಡಗಿದರು.

ಅವಳ ಹತ್ತಿರ ಒಂದು ನೋಟುಬುಕ್ಕು ಇತ್ತು. ರಂಗದಿಂದ ಒಳಗೆ ಬಂದವನ ಮೈಮೇಲೆ ಏನು ಬದಲಾಗಿದೆ ಎಂದು ಅದರಲ್ಲಿ ಬರೆಯುತ್ತಿದ್ದಳು. ಸೇನಾಪತಿಯ ಎಡಗೈ ತುಂಡಾಗಿದೆ, ಎರಡನೇ ರಾಣಿಯ ಮೂಗುತಿ ಕಳೆದಿದೆ, ಹೀಗೆ. ಹೊಸದಾಗಿ ಸೇರಿದವರಿಗೆ ಅವಳು ಹೇಳುತ್ತಿದ್ದ ಮಾತು ಒಂದೇ: "ಬದಲಾದದ್ದನ್ನ ಬರ್ಕೊಳ್ದೆ ಯಾರನ್ನೂ ಆಚೆ ಕಳಿಸ್ಬೇಡ್ರಪ್ಪ." ಬರೆಯದಿದ್ದರೆ ಏನಾಗುತ್ತಿತ್ತು? ಎರಡನೇ ಅಂಕದಲ್ಲಿ ಕೈ ಕಳೆದುಕೊಂಡ ಸೇನಾಪತಿ ಮೂರನೇ ಅಂಕದಲ್ಲಿ ಎರಡೂ ಕೈ ಮುಗಿದುಕೊಂಡು ಬರುತ್ತಿದ್ದ.

ಈ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ. ನಾನು ಇಡಲಿಲ್ಲ.

ಈಗ ಹೆಸರಿನ ವಿಚಾರ. ನಮ್ಮ ಯಂತ್ರಕ್ಕೂ ಈ ವಿದ್ಯೆ ಕಲಿಸುವುದೆಂದು ತೀರ್ಮಾನವಾದಾಗ, ದೊಡ್ಡ ಸಾಹೇಬರು, ಅಂದರೆ ಆಗಿನ ನಿರ್ದೇಶಕರು, ಮೊದಲು ಒಂದು ನಾಮಕರಣ ಸಮಿತಿ ಮಾಡಿದರು. ಯಂತ್ರ ಕಾಯಬಹುದು, ಕಡತಕ್ಕೆ ಶೀರ್ಷಿಕೆ ಬೇಕಲ್ಲ? ಈ ವಿದ್ಯೆಗೆ ಇಂಗ್ಲಿಷಿನಲ್ಲಿ ವರ್ಚ್ಯುಯಲ್ ಮೆಮೊರಿ ಎಂದು ಹೆಸರು. ಮೆಮೊರಿ ಎಂದರೆ ಸ್ಮೃತಿ, ಸರಿ, ವರ್ಚ್ಯುಯಲ್ ಎಂಬ ಪದಕ್ಕೆ ಕನ್ನಡದಲ್ಲಿ ಏನು? ಕಚೇರಿಯಲ್ಲಿ ಇದ್ದದ್ದು ಒಂದೇ ನಿಘಂಟು. ಅದರಲ್ಲಿ ಆ ಪುಟವೇ ಇರಲಿಲ್ಲ. ಯಾರೋ ಹರಿದು ಏನನ್ನೋ ಕಟ್ಟಿಕೊಂಡು ಹೋಗಿದ್ದರು. ಅದರ ಮುಂದೆ ಉಳಿದ ಪುಟದ ಮೊಟ್ಟಮೊದಲ ಪದ ವರ್ಚ್ಯೂ. ಅದರ ಅರ್ಥ ಸದ್ಗುಣ. ಸಮಿತಿ ಮೂರು ತಿಂಗಳು ಚರ್ಚಿಸಿ, ಎರಡೂ ಒಂದೇ ಮನೆತನದ ಪದಗಳಿರಬೇಕು ಎಂದು ಒಮ್ಮತಕ್ಕೆ ಬಂದು, "ಸದ್ಗುಣ ಸ್ಮೃತಿ" ಎಂದು ಸುತ್ತೋಲೆ ಹೊರಡಿಸಿತು. ನಾನು ಹೋಗಿ ಹೇಳಿದೆ, ಸಾರ್, ಇದರಲ್ಲಿ ಸದ್ಗುಣ ಏನೂ ಇಲ್ಲ, ಇದು ಇಲ್ಲದ್ದನ್ನು ಇದೆ ಎನ್ನುವ ಯಂತ್ರ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ನೋಡಪ್ಪಾ ಕತ್ತರಿ, ಸುತ್ತೋಲೆ ಹೋಗಿದೆ. ಇನ್ಮೇಲೆ ಸದ್ಗುಣ ತರೋದು ನಿನ್ನ ಕೆಲಸ."

ನಗಿ, ನಗಿ. ಆ ಬೋರ್ಡು ಇನ್ನೂ ಮೇಲಿನ ಮಹಡಿಯಲ್ಲಿ ತೂಗುತ್ತಿದೆ.

ಯಂತ್ರಕ್ಕೆ ಡ್ರಮ್ಮು ಬಂತು, ಡ್ರಮ್ಮಿನ ಜೊತೆ ಡ್ರಮ್ಮಕ್ಕ ಬಂದರು. ಡ್ರಮ್ಮು ನಡೆಸುವ ಕೆಲಸದವರು. ನನಗಿಂತ ಮೂರು ವರ್ಷ ಚಿಕ್ಕವರು, ಆದರೂ ಸಾಹೇಬರಿಂದ ಜವಾನನವರೆಗೆ ಎಲ್ಲರಿಗೂ ಅಕ್ಕ. ಅವರು ನನ್ನನ್ನು ಅಣ್ಣಾ ಎನ್ನುತ್ತಿದ್ದರು. ಹಿಂದಿನ ಸಾಲಿನಲ್ಲಿ ಯಾರೋ ಆ ಹೆಸರು ಕೇಳಿ ತಲೆ ಎತ್ತಿದಿರಿ. ಹೌದು, ಅವರೇ. ಮೂವತ್ತೊಂದನೇ ಪುಟದ ವಾಕ್ಯ ಅವರ ಮೇಲೆಯೇ.

ಡ್ರಮ್ಮಕ್ಕನಿಗೆ ದೀಪ ನೋಡಬೇಕಾಗಿರಲಿಲ್ಲ. ಡ್ರಮ್ಮಿನ ಸದ್ದು ಕೇಳಿ ಒಳಗೆ ಏನು ನಡೆಯುತ್ತಿದೆ ಎಂದು ಹೇಳುತ್ತಿದ್ದರು. ಕೈಯಲ್ಲಿ ಹೆಣಿಗೆ, ಕಿವಿ ಡ್ರಮ್ಮಿನ ಕಡೆ. ಸ್ವೆಟರಿನ ಎರಡು ಸಾಲು ಹೆಣೆಯುವಷ್ಟರಲ್ಲಿ ಒಂದು ಕೆಲಸ ಮುಗಿಯಬೇಕು ಎಂಬ ಅಂದಾಜು ಅವರಿಗಿತ್ತು. ಮುಗಿಯದಿದ್ದರೆ ಸೂಜಿ ಕೆಳಗಿಡುತ್ತಿದ್ದರು. ಅವರು ಸೂಜಿ ಕೆಳಗಿಟ್ಟರೆ ನಾವೆಲ್ಲ ಯಂತ್ರದ ಕಡೆ ಓಡುತ್ತಿದ್ದೆವು.

ಮೂರನೇ ವರ್ಷ ಒಬ್ಬ ಮುಖ್ಯ ಅತಿಥಿ ಯಂತ್ರ ನೋಡಲು ಬರುವುದೆಂದಾಯಿತು. ದೊಡ್ಡ ಸಾಹೇಬರ ಅಪ್ಪಣೆ: ಯಂತ್ರ ಒಂದೇ ಹೊತ್ತಿಗೆ ಮೂರು ಕೆಲಸ ಮಾಡುವುದು ಅವರಿಗೆ ಕಾಣಬೇಕು. ಮೊದಲನೆಯದು ಆ ವರ್ಷದ ದೂರವಾಣಿ ಕೈಪಿಡಿಯ ತಿದ್ದುಪಡಿ, ನಾಲ್ಕು ಸಾವಿರದ ನೂರ ಹನ್ನೆರಡು ಬದಲಾದ ನಂಬರುಗಳು. ಎರಡನೆಯದು ಕೆಟ್ಟ ಲೈನುಗಳ ಪಟ್ಟಿ. ಮೂರನೆಯದು, ಮತ್ತು ಸಾಹೇಬರ ದೃಷ್ಟಿಯಲ್ಲಿ ಮೊಟ್ಟಮೊದಲನೆಯದು, ಅಕ್ಷರಗಳನ್ನೇ ಒತ್ತೊತ್ತಾಗಿ ಅಚ್ಚುಹಾಕಿ ಮಾಡುವ ಮುಖ್ಯ ಅತಿಥಿಗಳ ಭಾವಚಿತ್ರ. ಚಿತ್ರ ಮುಂಚೆಯೇ ಸಿದ್ಧವಿತ್ತು. ಅಷ್ಟರಲ್ಲಿ ಅತಿಥಿಗಳು ಮೀಸೆ ಬೋಳಿಸಿಕೊಂಡಿದ್ದಾರೆ ಎಂಬ ಸುದ್ದಿ ಬಂತು. ಆಗ ಯಂತ್ರಕ್ಕೆ ಅಪ್ಪಣೆ ಕೊಡುವುದೆಂದರೆ ರಟ್ಟಿನ ಕಾರ್ಡಿನಲ್ಲಿ ತೂತು ಕೊರೆಯುವುದು, ಅಂದರೆ ಪಂಚ್ ಮಾಡುವುದು. ನಾನೂ ಡ್ರಮ್ಮಕ್ಕನೂ ಕೂತು ಮೀಸೆ ತೆಗೆಯುವ ತಿದ್ದುಪಡಿಯ ಕಾರ್ಡುಗಳನ್ನೂ ಸೇರಿಸಿದೆವು.

ಮಧ್ಯಾಹ್ನ ಹನ್ನೆರಡಕ್ಕೆ ಮೂರೂ ಕೆಲಸ ಹಚ್ಚಿದೆವು. ಎಲ್ಲ ದೀಪಗಳೂ ಮಿಣಮಿಣ ಮಿನುಗಿದವು. ಡ್ರಮ್ಮು ಬೊಬ್ಬೆ ಹೊಡೆಯಿತು. ಅರ್ಧ ಗಂಟೆ ಕಳೆದರೂ ಮುದ್ರಣಯಂತ್ರದಿಂದ ಒಂದು ಸಾಲು ಹೊರಬರಲಿಲ್ಲ. ಮೂರು ಕೆಲಸಕ್ಕೂ ಪುಟ ಬೇಕು, ಜಾಗ ಒಂದಕ್ಕೆ ಸಾಲುವಷ್ಟು. ಇವನ ಪುಟ ಬರಲು ಅವನ ಪುಟ ಹೋಗಬೇಕು, ಮರುಕ್ಷಣವೇ ಅವನು ಅದನ್ನೇ ಕೇಳುತ್ತಾನೆ. ಯಂತ್ರ ತರುವುದರಲ್ಲಿ, ಕಳಿಸುವುದರಲ್ಲೇ ಮುಳುಗಿಹೋಯಿತು. ಮೇಲಧಿಕಾರಿ ತಪಾಸಣೆಗೆ ಬಂದ ದಿನ ನಮ್ಮ ಕಚೇರಿ ಹೇಗಿರುತ್ತದೋ ಹಾಗೆಯೇ. ಎಲ್ಲರ ಕೈಯಲ್ಲೂ ಕಡತ, ಎಲ್ಲರೂ ಓಡುತ್ತಿದ್ದಾರೆ, ಒಂದು ಅರ್ಜಿಯೂ ವಿಲೇವಾರಿ ಆಗುವುದಿಲ್ಲ.

ಡ್ರಮ್ಮಕ್ಕ ಸೂಜಿ ಕೆಳಗಿಟ್ಟರು.

"ಅಣ್ಣಾ, ಇದು ಕೆಲ್ಸ ಮಾಡ್ತಿಲ್ಲ, ಓಡಾಡ್ತಿದೆ ಅಷ್ಟೆ. ಇಬ್ಬರನ್ನ ಆಚೆ ಕೂರ್ಸಿ. ಒಬ್ಬೊಬ್ರೇ ಒಳಗೆ ಬರ್ಲಿ."

ಸರಿಯಾದ ಮದ್ದು ಅದೇ. ದೊಡ್ಡ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಅದರ ಮೇಲೆ ಪ್ರಬಂಧಗಳೇ ಬಂದಿವೆ. ಅವನ್ನು ಓದದೆ, ಬರಿಯ ಕಿವಿಯಿಂದ ಅವರು ಅದನ್ನು ಹೇಳಿದರು. ನಾನು ಸಾಹೇಬರಿಗೆ ಹೋಗಿ ಹೇಳಿದೆ, ಚಿತ್ರವನ್ನು ಸ್ವಲ್ಪ ಹೊತ್ತು ನಿಲ್ಲಿಸೋಣವೇ ಎಂದು. ಅವರು ನಕ್ಕರು. "ಅವ್ರು ಬರ್ತಿರೋದೇ ಅವ್ರ ಮುಖ ನೋಡ್ಕೊಳ್ಳೋಕೆ ಕಣಯ್ಯ."

ಆಗ ನನ್ನೊಳಗಿನ ನಾಯಕನಟ ಎದ್ದು ನಿಂತ. ಮಹನೀಯರೇ, ನಾಟಕದವರ ಮಕ್ಕಳಿಗೆ ಇದೊಂದು ಕಾಯಿಲೆ. ಪರದೆ ಏಳುವ ಕ್ಷಣದಲ್ಲಿ ಏನಾದರೂ ಅದ್ಭುತ ಮಾಡಿಯೇ ತೀರಬೇಕು. ನನಗೆ ಒಂದು ಉಪಾಯ ಹೊಳೆಯಿತು. ಅದು ಒಳ್ಳೆಯ ಉಪಾಯವೇ, ಅದಕ್ಕಾಗಿಯೇ ಇವತ್ತು ಈ ಫಲಕ. ಕೇಳಿ. ನಮ್ಮ ಯಂತ್ರ ಒಂದು ಪುಟವನ್ನು ಹೊರಗೆ ಕಳಿಸುವಾಗ, ಅದರಲ್ಲಿ ಏನಾದರೂ ಬದಲಾಗಿರಲಿ, ಆಗದಿರಲಿ, ಡ್ರಮ್ಮಿಗೆ ಮತ್ತೆ ಬರೆದೇ ಕಳಿಸುತ್ತಿತ್ತು. ಬದಲಾಗದ ಪುಟವನ್ನು ಬರೆಯುವುದೇಕೆ? ಅದರ ಪ್ರತಿ ಡ್ರಮ್ಮಿನಲ್ಲಿ ಇದ್ದೇ ಇದೆ. ಪ್ರತಿ ಪುಟಕ್ಕೂ ಒಂದು ಗುರುತು ಇರುತ್ತದೆ. ಬದಲಾದರೆ ಒಂದು, ಬದಲಾಗದಿದ್ದರೆ ಸೊನ್ನೆ. ಬದಲಾದದ್ದನ್ನು ಕಸುಬಿನವರು ಕೊಳೆ ಪುಟ ಎನ್ನುತ್ತಾರೆ. ಕೊಳೆ ಪುಟವನ್ನು ಮಾತ್ರ ಬರೆ, ಚೊಕ್ಕ ಪುಟವನ್ನು ಸುಮ್ಮನೆ ಬಿಡು. ಇಷ್ಟೇ. ಆರು ಕಾರ್ಡಿನ ಕೆಲಸ. ನಿಂತ ನಿಲುವಿನಲ್ಲೇ ಪಂಚ್ ಮಾಡಿದೆ.

ನಾಲ್ಕನೇ ಕಾರ್ಡಿನಲ್ಲಿ "ಸೊನ್ನೆಯಾದರೆ ಬರೆಯದೆ ಮುಂದೆ ಹೋಗು" ಎಂದಿರಬೇಕಿತ್ತು. "ಒಂದಾದರೆ ಬರೆಯದೆ ಮುಂದೆ ಹೋಗು" ಎಂದು ಪಂಚ್ ಮಾಡಿದೆ.

ಏನಾಯಿತು, ಹೇಳಿ? ಒಗೆದು ಮಡಿಸಿಟ್ಟ ಬಟ್ಟೆಯನ್ನೇ ಮತ್ತೆ ಮತ್ತೆ ಒಗೆದು, ಕೊಳೆ ಬಟ್ಟೆಯನ್ನು ಮುಟ್ಟದ ಮನೆಗೆಲಸದಂತಾಯಿತು. ಬದಲಾಗದ ಪುಟಗಳನ್ನು ಯಂತ್ರ ಶ್ರದ್ಧೆಯಿಂದ ಬರೆದಿಟ್ಟಿತು. ಬದಲಾದ ಪುಟಗಳನ್ನು, ಅಂದರೆ ತಿದ್ದಿದ್ದನ್ನೆಲ್ಲ, ಬರೆಯದೆ ಎಸೆಯಿತು. ತಿದ್ದುಪಡಿಯ ದಿನ ಹೆಚ್ಚಿನ ಪುಟಗಳೆಲ್ಲ ಕೊಳೆಯೇ ತಾನೆ? ಬರೆಯುವ ಕೆಲಸವೇ ಕಡಿಮೆಯಾಗಿ ಡ್ರಮ್ಮಿನ ಬೊಬ್ಬೆ ಇಳಿಯಿತು, ಯಂತ್ರ ಹಗುರಾಗಿ ಓಡಿತು, ಮುದ್ರಣಯಂತ್ರ ಪಟಪಟ ಕಾಗದ ಉಗುಳಿತು. ಸಾಹೇಬರು ನನ್ನ ಬೆನ್ನು ತಟ್ಟಿದರು. ಅತಿಥಿಗಳ ಕಾರು ಅಂಗಳಕ್ಕೆ ಬಂತು.

ಆಗಿನ ನಿಯಮ ಒಂದಿತ್ತು. ಯಂತ್ರದ ಮೂಲವ್ಯವಸ್ಥೆಯಲ್ಲಿ ಏನು ಬದಲಾಯಿಸಿದರೂ ದಿನಚರಿ ಪುಸ್ತಕದಲ್ಲಿ ಬರೆಯಬೇಕು. ಮೇಲಿನ ಗೆರೆಯಲ್ಲಿ ಬದಲಾಯಿಸಿದವನು ತಾನೇನು ಬದಲಾಯಿಸಿದೆ ಎಂದು ಬರೆದು ಹೆಸರು ಹಾಕಬೇಕು. ಕೆಳಗಿನ ಗೆರೆಯಲ್ಲಿ, ಆ ಹೊತ್ತಿಗೆ ಕೆಲಸದಲ್ಲಿದ್ದವರು ರುಜು ಮಾಡಬೇಕು. ಡ್ರಮ್ಮಕ್ಕ ಪುಸ್ತಕ ತಂದು ನನ್ನ ಮುಂದೆ ಹಿಡಿದರು. ಅತಿಥಿಗಳ ಬೂಟಿನ ಸದ್ದು ಮೆಟ್ಟಿಲ ಮೇಲೆ ಕೇಳುತ್ತಿತ್ತು. ನಾನು ಕಾಲರು ಸರಿಮಾಡಿಕೊಳ್ಳುತ್ತಿದ್ದೆ.

"ನೀವು ರುಜು ಹಾಕ್ಬಿಡಿ, ಮೇಲಿನ ಗೆರೆ ನಾಳೆ ಬೆಳಿಗ್ಗೆ ಬಂದು ತುಂಬ್ತೀನಿ" ಎಂದೆ.

ಅವರು ರುಜು ಹಾಕಿದರು.

ಅತಿಥಿಗಳ ಭಾವಚಿತ್ರ ಹೊರಬಂತು, ಮೀಸೆ ಸಮೇತ. ಬೋಳು ತುಟಿಯ ಅತಿಥಿಗಳು ಅದನ್ನು ಕೈಯಲ್ಲಿ ಹಿಡಿದು, ಹಳೇ ಮೀಸೆ ಎಷ್ಟು ಚೆನ್ನಾಗಿತ್ತು ಎಂದು ಕಣ್ಣು ತೇವ ಮಾಡಿಕೊಂಡರು. ಸಭೆ ಚಪ್ಪಾಳೆ ತಟ್ಟಿತು. ಡ್ರಮ್ಮಕ್ಕ ಮಾತ್ರ ನನ್ನ ತೋಳು ಜಗ್ಗಿ ಮೆಲ್ಲಗೆ ಕೇಳಿದರು: "ಅಣ್ಣಾ, ಮೀಸೆ ನಾವು ತೆಗ್ದಿದ್ವಲ್ಲ?"

ನಾನು ಕೇಳಿಸಿಕೊಂಡೆ. ಚಪ್ಪಾಳೆಯಲ್ಲಿ ಕೇಳಿಸಲಿಲ್ಲ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಕೇಳಿಸಿತ್ತು.

ಕೈಪಿಡಿ ಅಚ್ಚಾಯಿತು, ಮನೆಮನೆಗೆ ಹೋಯಿತು. ನಾಲ್ಕು ಸಾವಿರದ ನೂರ ಹನ್ನೆರಡು ತಿದ್ದುಪಡಿಗಳಲ್ಲಿ ಉಳಿದದ್ದು ಅರವತ್ತೊಂದು. ಅಗ್ನಿಶಾಮಕ ಠಾಣೆಯ ಹಳೆಯ ನಂಬರು ಆಗಲೇ ಒಬ್ಬ ದರ್ಜಿಗೆ ಸಿಕ್ಕಿತ್ತು. ಪಾಪ, ಆತ ಪ್ರತಿಯೊಬ್ಬರಿಗೂ ಹೇಳುತ್ತಿದ್ದ: "ಬೆಂಕಿ ನಮ್ಮದಲ್ಲ ಸ್ವಾಮಿ, ನಮ್ಮಲ್ಲಿರೋದು ಇಸ್ತ್ರಿ ಪೆಟ್ಟಿಗೆ." ಹೆರಿಗೆ ಆಸ್ಪತ್ರೆಯ ಹಳೆಯ ನಂಬರು ಯಾರ ಮನೆಗೆ ಹೋಗಿತ್ತು, ಗೊತ್ತೇ? ನಮ್ಮ ದೊಡ್ಡ ಸಾಹೇಬರ ಮನೆಗೆ. ಬೆಳಗಾದರೆ ಫೋನು. ಗಂಡೋ ಹೆಣ್ಣೋ? ಅವರು ಮೊದಲ ಎರಡು ದಿನ ಬೈದರು. ಮೂರನೇ ದಿನದಿಂದ, ಫೋನು ಬೇಗ ಇಡಲಿ ಎಂದು, ಗಂಡು ಎಂದು ಹೇಳತೊಡಗಿದರಂತೆ. ಆ ವಾರ ಊರಿನಲ್ಲಿ ಎಷ್ಟು ಗಲಾಟೆಯಾಯಿತೋ, ನನಗೆ ಗೊತ್ತಿಲ್ಲ.

ವಿಚಾರಣೆ ನಡೆಯಿತು. ಸಾಹೇಬರ ಮೇಜಿನ ಮೇಲೆ ದಿನಚರಿ ಪುಸ್ತಕ ಬಿಚ್ಚಿತ್ತು. ಡ್ರಮ್ಮಕ್ಕ ಎದುರಿಗೆ ನಿಂತಿದ್ದರು. ನಾನು ಕಿಟಕಿಯ ಪಕ್ಕ, ಕೈಯಲ್ಲಿ ಒಂದು ಕಡತ ಹಿಡಿದು.

"ಈ ರುಜು ಯಾರ್ದು?"

"ನಂದು ಸಾರ್."

"ಮೇಲಿನ ಗೆರೆ ಯಾಕೆ ಖಾಲಿ?"

ಅವರು ನನ್ನ ಕಡೆ ನೋಡಿದರು. ನಾನು ಫ್ಯಾನು ನೋಡಿದೆ. ಅದಕ್ಕೆ ಮೂರು ರೆಕ್ಕೆ. ಒಂದರ ಅಂಚು ಸ್ವಲ್ಪ ಸೊಟ್ಟ. ಇವತ್ತಿಗೂ ಅದರ ಚಿತ್ರ ಬರೆಯಬಲ್ಲೆ.

"ಆ ಗೆರೆ ತುಂಬೋ ಕೆಲ್ಸ ನಂದಲ್ಲ ಸಾರ್" ಎಂದರು ಡ್ರಮ್ಮಕ್ಕ.

ಅಷ್ಟೇ. ನನ್ನ ಹೆಸರು ಹೇಳಲಿಲ್ಲ. ನಾನೇ ಹೇಳುತ್ತೇನೆ ಎಂದು ಕಾದರು. ಸಾಹೇಬರಿಗೆ ಅದು ಉದ್ಧಟತನವಾಗಿ ಕಂಡಿತು. ಹೊರಗೆ ಮೊಗಸಾಲೆಯಲ್ಲಿ ಅವರು ನನಗೆ ಹೇಳಿದ್ದು ಮೂರೇ ಮಾತು: "ಅಣ್ಣಾ, ಗೆರೆ ಖಾಲಿ." ನಾನು ಏನೆಂದೆ? ನಾಳೆ ಬೆಳಿಗ್ಗೆ ಬರೆಯುತ್ತೇನೆ ಎಂದೆ. ಮರುದಿನ ಪುಸ್ತಕ ದಾಖಲೆ ಕೋಣೆಯ ಬೀಗದೊಳಗೆ ಸೇರಿತ್ತು. ಒಳ್ಳೆಯದೇ ಆಯಿತು ಎನಿಸಿತು. ಹೌದು ಸ್ವಾಮಿ, ಹಾಗೆಯೇ ಎನಿಸಿತು.

ಮುಂದಿನ ವಾರ ನಾಲ್ಕನೇ ಕಾರ್ಡನ್ನು ಸರಿಮಾಡಿ, ಹೊಸ ಪುಸ್ತಕದಲ್ಲಿ ನನ್ನ ಹೆಸರು ಹಾಕಿ, ದಪ್ಪಕ್ಷರದಲ್ಲಿ ಬರೆದೆ. ಆ ಆರು ಕಾರ್ಡು ಹನ್ನೆರಡು ವರ್ಷ ಈ ಕಚೇರಿಯನ್ನು ನಡೆಸಿದವು. ನಾನು ವಿಭಾಗದ ಮುಖ್ಯಸ್ಥನಾದೆ.

ಡ್ರಮ್ಮಕ್ಕನನ್ನು ದೂರುಗಳ ಟೆಲಿಫೋನಿಗೆ ಹಾಕಿದರು. ಮೆಟ್ಟಿಲ ಕೆಳಗಿನ ಕೋಣೆ, ನಿಮಗೆಲ್ಲ ಗೊತ್ತು, ಈಗ ಅಲ್ಲಿ ಪೊರಕೆ ಇಡುತ್ತಾರೆ. ಒಂದು ಕುರ್ಚಿ, ಒಂದು ಫೋನು. ಹನ್ನೊಂದು ವರ್ಷ. ತಪ್ಪು ನಂಬರು ಸಿಕ್ಕವರೆಲ್ಲ ಅವರಿಗೆ ಬೈಯುತ್ತಿದ್ದರು. ನಾನು ಮೇಲೆ ಹತ್ತುವಾಗ ಕೇಳಿಸುತ್ತಿತ್ತು. ಅವರು ಬೈಗುಳ ಮುಗಿಯುವವರೆಗೆ ಕಾದು, ಕೈಪಿಡಿ ತೆರೆಯದೆ, ಸರಿಯಾದ ನಂಬರು ಹೇಳುತ್ತಿದ್ದರು. ಯಂತ್ರ ಎಸೆದ ನಾಲ್ಕು ಸಾವಿರದ ಐವತ್ತೊಂದು ನಂಬರುಗಳನ್ನು ಅವರು ಬಾಯಿಪಾಠ ಮಾಡಿಕೊಂಡಿದ್ದರು. ಮುಂದಿನ ವರ್ಷ ಹೊಸ ಕೈಪಿಡಿ ಬಂದರೂ ಜನ ಅದನ್ನು ಬಿಚ್ಚುತ್ತಿರಲಿಲ್ಲ, ಮೆಟ್ಟಿಲ ಕೆಳಗಿನ ಅಕ್ಕನನ್ನೇ ಕೇಳುತ್ತಿದ್ದರು. ಮೇಲಿನ ಮಹಡಿಯಲ್ಲಿ ಸದ್ಗುಣ ಸ್ಮೃತಿ ಎಂಬ ಬೋರ್ಡಿನ ಕೆಳಗೆ ನಾನು ಕೂತಿದ್ದೆ. ಬೋರ್ಡನ್ನು ಎರಡು ಮಹಡಿ ಕೆಳಗೆ ಇಳಿಸಬೇಕಿತ್ತು.

ನನ್ನವಳು ಗಡಿಯಾರ ಮತ್ತೆ ಕಟ್ಟಿಕೊಂಡಳು. ಅವಳು ಎಷ್ಟೋ ಸಲ ಕೇಳಿದ್ದಾಳೆ: "ಡ್ರಮ್ಮಕ್ಕನ ಮಾತು ಬಂದ್ರೆ ಟೀವಿ ಸೌಂಡು ಯಾಕೆ ಜಾಸ್ತಿ ಮಾಡ್ತೀರಿ?" ಉತ್ತರ ಸಿಕ್ಕಿತೇನೇ? ನಲವತ್ತೇಳು ವರ್ಷ ತಡವಾಯಿತು.

ಈಗ ಮೂವತ್ತೊಂದನೇ ಪುಟ. ಓದುತ್ತೇನೆ. "ಆ ವರ್ಷದ ಕೈಪಿಡಿಯ ಪ್ರಮಾದವು ಡ್ರಮ್ ನಿರ್ವಾಹಕಿಯ ಅಲಕ್ಷ್ಯದಿಂದ ಸಂಭವಿಸಿತು, ಕತ್ತರಿ ಸಾಹೇಬರ ಸಮಯಪ್ರಜ್ಞೆಯಿಂದ ಪರಿಹಾರವಾಯಿತು." ಚೆಂದದ ವಾಕ್ಯ. ಅಲ್ಪವಿರಾಮ ಕೂಡ ಇದೆ. ಬರೆದವರ ತಪ್ಪಲ್ಲ, ದಾಖಲೆಯಲ್ಲಿ ಇದ್ದದ್ದನ್ನು ಬರೆದಿದ್ದಾರೆ. ಹೊರಗೆ ಗಾಜಿನ ಪೆಟ್ಟಿಗೆಯಲ್ಲಿ ಆ ದಿನಚರಿಯನ್ನೇ ಪ್ರದರ್ಶನಕ್ಕಿಟ್ಟಿದ್ದೀರಿ. ಅದೇ ಪುಟ ಬಿಚ್ಚಿಟ್ಟಿದ್ದೀರಿ, ರುಜು ದುಂಡಗಿದೆ ಎಂದು. ಪಕ್ಕದ ಚೀಟಿಯಲ್ಲಿ "ಅಂದಿನ ಶಿಸ್ತಿನ ಮಾದರಿ" ಎಂದು ಬರೆದಿದ್ದೀರಿ. ಬರುವಾಗ ನೋಡಿದೆ. ಮೇಲೆ ಖಾಲಿ ಗೆರೆ, ಕೆಳಗೆ ಅವರ ರುಜು.

ಈ ಕರಡನ್ನು ಸಂಜೆ ನನ್ನ ಕೈಗೆ ತಂದುಕೊಟ್ಟದ್ದು, ಈ ಸಭೆಯ ನಿರೂಪಣೆ ಮಾಡುತ್ತಿರುವ ಈ ಹುಡುಗಿ. ಇಲ್ಲೇ ನನ್ನ ಎಡಕ್ಕೆ ನಿಂತಿದ್ದಾಳೆ, ಗಣಕ ವಿಭಾಗದ ಹೊಸ ಎಂಜಿನಿಯರು. ಕೊಡುವಾಗ ಹೇಳಿದಳು: "ಸಾರ್, ಮೂವತ್ತೊಂದನೇ ಪುಟ ಒಂದ್ಸಲ ನೋಡಿ. ನಮ್ಮಜ್ಜಿ ಕೇಳಿದ್ರು, ಆ ಗೆರೆ ಇನ್ನೂ ಖಾಲಿ ಇದೆಯಾ ಅಂತ."

ನಾನು ಕರಡನ್ನು ಕಂಕುಳಲ್ಲಿ ಇಟ್ಟುಕೊಂಡೆ. ವೇದಿಕೆ ಹತ್ತಿದೆ, ಫಲಕ ತೆಗೆದುಕೊಂಡೆ. ನಿಮ್ಮ ಮುಂದೆ ನಿಂತಾಗಲೂ ಆ ವಾಕ್ಯ ತಪ್ಪು ಎಂದಷ್ಟೇ ಹೇಳಿ, ಯಾರ ತಪ್ಪು ಎಂಬುದನ್ನು ಹೇಗಾದರೂ ದಾಟಿಸಿಬಿಡೋಣ ಎಂದುಕೊಂಡಿದ್ದೆ. ತಾಯಿಯ ನೋಟುಬುಕ್ಕಿನ ವಿಷಯ ಎತ್ತಬಾರದಿತ್ತು. ಎತ್ತಿದ ಮೇಲೆ ದಾಟಲು ಜಾಗವೇ ಸಿಗಲಿಲ್ಲ.

ಅಮ್ಮಾ ಹುಡುಗಿ, ಅಜ್ಜಿಗೆ ಹೇಳು, ಗೆರೆ ಖಾಲಿ ಇದೆ.

ಅಧ್ಯಕ್ಷರೇ, ನೀವು ಪಕ್ಕದವರ ಕಿವಿಯಲ್ಲಿ ಏನೋ ಹೇಳುತ್ತಿದ್ದೀರಿ. ಸಂಚಿಕೆಯ ಪುಟಗಳನ್ನು ಜೋಡಿಸಿಯಾಗಿದೆ, ಬದಲಾಯಿಸಲು ಕಷ್ಟ ಎಂದೇ? ಮುನ್ನುಡಿ ಕೂಡ ಅದರಲ್ಲೇ ಇದೆ. ಆ ವಾಕ್ಯ ಉಳಿದರೆ ಮುನ್ನುಡಿ ಹೊರಬರುತ್ತದೆ, ಎರಡಕ್ಕೂ ಅಲ್ಲಿ ಜಾಗವಿಲ್ಲ. ಪುಟ ಕಳಿಸುವುದು, ತರಿಸುವುದು ನನ್ನ ಹಳೆಯ ಕಸುಬು. ಫಲಕ ಈ ಮೇಜಿನ ಮೇಲೇ ಇರಲಿ, ನನಗೆ ಹೊರಲು ಭಾರ.

ಇಷ್ಟು ಹೊತ್ತು ತಾಳ್ಮೆಯಿಂದ ಕೂತ ನಿಮಗೆ, ಬಾಗಿಲ ಪಕ್ಕದಲ್ಲಿದ್ದೂ ಎದ್ದು ಹೋಗದ ನಿಮಗೆ, ಕರೆದು ಗೌರವಿಸಿದ ಸಂಸ್ಥೆಗೆ, ನನ್ನ ಧ್ವನಿಯನ್ನು ಸಹಿಸಿದ ಮೈಕಿನವರಿಗೆ ನಾನು ಋಣಿ. ಎಲ್ಲರಿಗೂ ನಮಸ್ಕಾರ.

ಗಾಜಿನ ಪೆಟ್ಟಿಗೆಯ ಬೀಗದ ಕೈ ದಾಖಲೆ ಕೋಣೆಯವರ ಹತ್ತಿರ ಇದೆಯಂತೆ, ಅವರು ಹತ್ತು ಗಂಟೆಗೆ ಬರುತ್ತಾರಂತೆ. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ನಾನು ಡ್ರಮ್ಮಕ್ಕನ ಮನೆ ಬಾಗಿಲು ತಟ್ಟುತ್ತೇನೆ. ಅವರು ಬರುತ್ತೇನೆಂದರೆ ಕರೆದುಕೊಂಡು, ಬರುವುದಿಲ್ಲವೆಂದರೆ ಒಬ್ಬನೇ, ಹತ್ತಕ್ಕೆ ಇಲ್ಲಿಗೆ ಬರುತ್ತೇನೆ. ಪೆಟ್ಟಿಗೆ ತೆಗೆಸಿ, ಅವರ ರುಜುವಿನ ಮೇಲಿನ ಗೆರೆಯಲ್ಲಿ, ನಾಲ್ಕನೇ ಕಾರ್ಡು ತಪ್ಪಾಗಿ ಪಂಚ್ ಮಾಡಿದವನು ನಾನು ಎಂದು ಬರೆದು, ನನ್ನ ನಿಜವಾದ ಹೆಸರು ಹಾಕುತ್ತೇನೆ.